ರಿಪೋರ್ಟಿನಲ್ಲಿ ‘ನೈಟ್ರೇಟ್ ಇದೆ’ ಅಂದರೆ ಅಮೋನಿಯಂ ನೈಟ್ರೇಟ್ ಅಂತಾನಾ?

ಪ್ರಶ್ನೆ: ಮೇಡಂ, ನಾನು ಜೂನಿಯರ್ ವಕೀಲ. ಒಂದು ಸ್ಫೋಟದ ಕೇಸಿನ ಲ್ಯಾಬ್ ರಿಪೋರ್ಟಿನಲ್ಲಿ ‘ಸ್ವಾಬ್ ನೆನೆಸಿದ ನೀರಿನಲ್ಲಿ ನೈಟ್ರೇಟ್, ಪರ್ಕ್ಲೋರೇಟ್ ಕಂಡಿದೆ, ವಿಧಾನ ಎಲ್‌ಸಿ-ಎಂಎಸ್’ ಅಂತ ಒಂದೇ ಸಾಲು ಇದೆ. ಪೊಲೀಸರು ಅಮೋನಿಯಂ ನೈಟ್ರೇಟ್ ಬಳಸಿದ್ದಾರೆ ಅನ್ನುತ್ತಿದ್ದಾರೆ. ಈ ಸಾಲಿನಿಂದ ಅಷ್ಟು ಹೇಳಬಹುದಾ?

ಉತ್ತರ: ಹಾಗೆ ಹೇಳೋಕೆ ಬರಲ್ಲ. ಸ್ವಾಬ್ ಅಂದರೆ ಜಾಗ ಒರೆಸಿದ ಹತ್ತಿ, ಎಲ್‌ಸಿ-ಎಂಎಸ್ ಅಂದರೆ ದ್ರವದಲ್ಲಿರೋದನ್ನ ಬೇರೆ ಮಾಡಿ ಒಂದೊಂದರ ತೂಕ ನೋಡೋ ಮೆಷಿನ್. ಉಪ್ಪು ನೀರಿಗೆ ಬಿದ್ದ ತಕ್ಷಣ ಎರಡು ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಇರೋ ಕಣಗಳಾಗಿ, ಬೇರೆಯಾಗುತ್ತೆ. ಮೆಷಿನ್ನಿಗೆ ಕಾಣೋದು ನೈಟ್ರೇಟ್ ಮಾತ್ರ, ಅದು ಚಾರ್ಟಿನಲ್ಲಿ ತೂಕ 62ರಲ್ಲಿ ಏಳುವ ಗೆರೆ, ಅಂದರೆ ಪೀಕ್. ಅದರ ಜೊತೆ ಮೊದಲು ಇದ್ದದ್ದು ಅಮೋನಿಯಮ್ಮೋ, ಪೊಟ್ಯಾಸಿಯಮ್ಮೋ, ಸೋಡಿಯಮ್ಮೋ ಅಂತ 62 ಹೇಳೋದಿಲ್ಲ. ಅಮೋನಿಯಂ ಅನ್ನು ಬೇರೆಯಾಗಿಯೇ ಹುಡುಕಬೇಕು, ಅದರ ತೂಕ ಬರೀ 18, ಎಷ್ಟೋ ಮೆಷಿನ್‌ಗಳು ಅಷ್ಟು ಕೆಳಗೆ ನೋಡೋದೇ ಇಲ್ಲ. ದ್ರಾವಣ ಗಟ್ಟಿಯಾಗಿದ್ದರೆ ಮೆಷಿನ್ನಿನೊಳಗೆ ಉಪ್ಪು ಗುಂಪುಗುಂಪಾಗಿಯೂ ಹಾರುತ್ತೆ: ಅಮೋನಿಯಂ ನೈಟ್ರೇಟ್ ಜೊತೆ ಇನ್ನೊಂದು ನೈಟ್ರೇಟ್ ಸೇರಿ 142, ಪೊಟ್ಯಾಸಿಯಂ ನೈಟ್ರೇಟ್ ಆದರೆ 163. ಇದೂ ಪೂರ್ತಿ ನಂಬೋ ಹಾಗಿಲ್ಲ. ಮಣ್ಣಿನದೋ ಬೆವರಿನದೋ ಸೋಡಿಯಂ ಅದೇ ನೀರಲ್ಲಿ ಬೆರೆತರೆ ಜೋಡಿ ಬದಲಾಗಿ 147 ಬರುತ್ತೆ.

ಹರಳು ಸಿಕ್ಕಿದರೆ ಮಾತು ಬೇರೆ, ಅದರಲ್ಲಿ ಉಪ್ಪಿನ ಎರಡು ಭಾಗವೂ ಜೊತೆಗೇ ಇರುತ್ತೆ. 1995ರ ಏಪ್ರಿಲ್ 19ರ ಅಮೆರಿಕದ ಒಕ್ಲಹೋಮಾ ಸಿಟಿ ಸ್ಫೋಟದಲ್ಲಿ 168 ಜನ ಸತ್ತರು. ಬಾಂಬ್ ತುಂಬಿದ್ದ ಬಾಡಿಗೆ ಲಾರಿಯ ಒಂದು ಚೂರಿನ ಮೇಲೆ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಲ್ಯಾಬಿನವರಿಗೆ ಅಮೋನಿಯಂ ನೈಟ್ರೇಟ್ ಹರಳುಗಳು ಕಂಡವು. ಆಮೇಲೆ ಮತ್ತೆ ನೋಡುವಷ್ಟರಲ್ಲಿ ಹರಳು ಮಾಯವಾಗಿದ್ದವು, ಆರೋಪಿ ಕಡೆಯ ವಕೀಲರು ಅದನ್ನೇ ಹಿಡಿದುಕೊಂಡರು. ಈ ಉಪ್ಪು ಗಾಳಿಯ ತೇವ ಹೀರುತ್ತೆ, ಮಳೆ ಬಿದ್ದರೆ ತೊಳೆದೇ ಹೋಗುತ್ತೆ. ಅದಕ್ಕೇ ನೀರು ಹಾಕೋ ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಿ ಫೋಟೋ ತೆಗೆದಿದ್ದಾರಾ ಅಂತ ಮೊದಲು ಕೇಳಿ.

ಪ್ರಶ್ನೆ: ಪರ್ಕ್ಲೋರೇಟ್ ಆದರೂ ಗಟ್ಟಿನಾ ಮೇಡಂ?

ಉತ್ತರ: ಸರಿಯಾಗಿ ನೋಡಿದ್ದರೆ ಗಟ್ಟಿ. ಪರ್ಕ್ಲೋರೇಟ್ ಅಂದರೆ ಒಂದು ಕ್ಲೋರಿನ್‌ಗೆ ನಾಲ್ಕು ಆಕ್ಸಿಜನ್ ಸೇರಿದ ಅಯಾನು, ಬರೋದು 99ರಲ್ಲಿ. ಆದರೆ ಸಲ್ಫೇಟ್ ಎಲ್ಲ ಕಡೆ ಇರುತ್ತಲ್ವಾ, ಅದು 97ರಲ್ಲಿ ಬರುತ್ತೆ, ಅದರೊಳಗಿನ ಭಾರದ ಗಂಧಕ ಸ್ವಲ್ಪ ಪಾಲು 99ಕ್ಕೇ ಬಂದು ಕೂರುತ್ತೆ. ಹಾಗಾಗಿ ಬರೀ 99 ತೋರಿಸಿದರೆ ಒಪ್ಪಬೇಡಿ. ಕ್ಲೋರಿನ್‌ನಲ್ಲಿ 35 ಮತ್ತು 37 ಅಂತ ಎರಡು ಬಗೆ, ಹೆಚ್ಚುಕಡಿಮೆ ಮೂರಕ್ಕೆ ಒಂದು. ಅಂದಮೇಲೆ 99ರ ಪಕ್ಕ 101 ಇರಬೇಕು, ಎತ್ತರ ಸುಮಾರು ಮೂರನೇ ಒಂದು ಪಾಲು. ಮೆಷಿನ್ನಿನೊಳಗೇ ಅದನ್ನು ಒಡೆದರೆ ಒಂದು ಆಕ್ಸಿಜನ್ ಕಳಚಿ 99ರಿಂದ 83, 101ರಿಂದ 85 ಬರಬೇಕು. ಇಷ್ಟೂ ಕೂಡಿದರೆ ನಾನೇ ಕೋರ್ಟಿನಲ್ಲಿ ನಿಂತು ಪರ್ಕ್ಲೋರೇಟ್ ಅಂತೀನಿ. ಯಾವ ಪರ್ಕ್ಲೋರೇಟ್, ಯಾಕೆ ಅಲ್ಲಿತ್ತು ಅಂತ ಕೇಳಿದರೆ ಮಾತ್ರ ಸುಮ್ನೆ ನಿಲ್ಲಬೇಕಾಗುತ್ತೆ. ಪಟಾಕಿಯಲ್ಲೂ ಅದು ಇರುತ್ತೆ.

ಇನ್ನೊಬ್ಬರ ಪ್ರಶ್ನೆ: ಜಿಸಿ-ಎಂಎಸ್ ಎಲ್ಲ ಲ್ಯಾಬಲ್ಲೂ ಇದೆ, ಅದರಲ್ಲೇ ನೋಡಬಹುದಲ್ಲ?

ಉತ್ತರ: ಆಗಲ್ಲ. ಜಿಸಿ-ಎಂಎಸ್ ಆವಿಯನ್ನು ಬೇರೆ ಮಾಡಿ ತೂಕ ನೋಡೋ ಮೆಷಿನ್, ಅದಕ್ಕೆ ಆವಿಯಾಗೋ ವಸ್ತು ಬೇಕು, ಈ ಉಪ್ಪುಗಳು ಹಾಗೇ ಆವಿಯಾಗಿ ಅದರ ಕೊಳವೆಯಲ್ಲಿ (ಕಾಲಮ್ಮಿನಲ್ಲಿ) ಹೋಗಲ್ಲ. ಟಿಎನ್‌ಟಿ ತರದ ಸಾವಯವ ಸ್ಫೋಟಕಕ್ಕೆ ಅದು ಸರಿ. ಅದಕ್ಕೇ ಸ್ವಾಬಿನಿಂದ ಮೊದಲು ಅಸಿಟೋನ್‌ನಲ್ಲಿ ಅಂಥದ್ದನ್ನ, ಆಮೇಲೆ ನೀರಲ್ಲಿ ಉಪ್ಪನ್ನ ತೆಗೆಯೋದು.

ಪ್ರಶ್ನೆ (ಮೊದಲಿನವರು): ಜಾಗ ಹೊಲದ ಪಕ್ಕದ ಶೆಡ್ಡು, ಗೊಬ್ಬರದ ಚೀಲ ಇಟ್ಟಿದ್ದರು.

ಉತ್ತರ: ಅದನ್ನ ಮೊದಲೇ ಹೇಳಬಾರದಾ ಮಾರಾಯರೇ! ಗೊಬ್ಬರ ಇದ್ದ ಕಡೆ ನೈಟ್ರೇಟ್ ಸಿಗದಿದ್ದರೇ ಆಶ್ಚರ್ಯ. ಬೋರ್‌ವೆಲ್ ನೀರಲ್ಲೂ ಇರುತ್ತೆ, ಕುಡಿಯೋ ನೀರಿಗೇ ಲೀಟರಿಗೆ 45 ಮಿಲಿಗ್ರಾಂವರೆಗೆ ನಮ್ಮ ಮಾನಕದಲ್ಲಿ ಒಪ್ಪಿಗೆ ಇದೆ. ಬೆಂಕಿಕಡ್ಡಿ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತೆ, ಅದರ ಪೀಕ್ 83 ಮತ್ತು 85. ನಿಮ್ಮ ರಿಪೋರ್ಟಿನಲ್ಲಿ ಕ್ಲೋರೇಟ್ ಇಲ್ಲ, ಹಾಗಾಗಿ ಆ ತಕರಾರು ಎತ್ತಬೇಡಿ. ಸ್ಫೋಟದ ಗುಂಡಿಯಿಂದ ದೂರದ ಮಣ್ಣು, ಮುಟ್ಟದ ಗೋಡೆ, ಬಳಸದೇ ಇದ್ದ ಹತ್ತಿ, ಈ ಮೂರರ ಫಲಿತಾಂಶ ಎಲ್ಲಿ ಅಂತ ಕೇಳಿ. ದೂರದ ಮಣ್ಣಿನಲ್ಲೂ ಅಷ್ಟೇ ನೈಟ್ರೇಟ್ ಇದ್ದರೆ ಆ ಸಾಲಿನ ಅರ್ಧ ಬಿದ್ದುಹೋಯಿತು. ಪರ್ಕ್ಲೋರೇಟ್ ಗುಂಡಿಯಲ್ಲಿ ಮಾತ್ರ ಇದ್ದರೆ ನಿಮ್ಮ ಕಕ್ಷಿದಾರರಿಗೆ ಕಷ್ಟವೇ, ನೇರವಾಗಿ ಹೇಳ್ತೀನಿ. ಪೀಕ್‌ಗಳ ಚಾರ್ಟ್ ಚಾರ್ಜ್‌ಶೀಟ್ ಜೊತೆ ಇಲ್ಲದಿದ್ದರೆ ಅರ್ಜಿ ಹಾಕಿ ತರಿಸಿಕೊಳ್ಳಿ, ಬಂದ ಮೇಲೆ ಹೆಸರು, ನಂಬರ್ ಮುಚ್ಚಿ ಇಲ್ಲಿ ಹಾಕಿ, ನೋಡೋಣ.