ವರ್ಜೀನಿಯಾಕ್ಕೆ ಹೋದವರು ದೇವರಿಗಾಗಿ ಹೋದರೋ, ದುಡ್ಡಿಗಾಗಿಯೋ?

ಧಾರವಾಡ, ಎಂ.ಎ. ವಿದ್ಯಾರ್ಥಿನಿ:
ಅಮೆರಿಕದ ಇಂಗ್ಲಿಷ್ ವಸಾಹತುಗಳ ಬಗ್ಗೆ ನನ್ನ ಬಳಿಯ ಟಿಪ್ಪಣಿಯಲ್ಲಿ ಒಂದೇ ಸಾಲಿದೆ: ‘ಧಾರ್ಮಿಕ ಸ್ವಾತಂತ್ರ್ಯ ಅರಸಿ ಹೋದರು’. ಹಾಗಾದರೆ 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್ ಕಟ್ಟಿದವರು? ಅವರಿಗೆ ಇಂಗ್ಲೆಂಡಿನ ಚರ್ಚಿನೊಂದಿಗೆ ಜಗಳವೇ ಇರಲಿಲ್ಲವಲ್ಲ?

ಬ್ಯಾಡಗಿ, ಮೆಣಸಿನಕಾಯಿ ದಲಾಲಿ ಅಂಗಡಿ:
ತಂಗಿ, ಆ ಸಾಲನ್ನು ಹೊಡೆದು ಹಾಕು. ಜೇಮ್ಸ್‌ಟೌನ್ ಷೇರುದಾರರ ಕಂಪನಿಯ ದುಡ್ಡಿನಿಂದ ಎದ್ದ ಊರು. ಆ ವರ್ಜೀನಿಯಾ ಕಂಪನಿಯನ್ನು ನಡೆಸಿದ ಥಾಮಸ್ ಸ್ಮೈತ್ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ. ಚಿನ್ನ ಹುಡುಕಿ ಹೋದವರಿಗೆ ಸಿಕ್ಕಿದ್ದು ಹಸಿವು. 1609–10ರ ಚಳಿಗಾಲ ಕಳೆದಾಗ ಕೋಟೆಯಲ್ಲಿ ಉಸಿರಾಡುತ್ತಿದ್ದವರು ಸುಮಾರು 60 ಜನ. ಆಮೇಲೆ ವಲಸಿಗ ಜಾನ್ ರಾಲ್ಫ್ ಬೆಳೆದ ತಂಬಾಕು ಅವರ ಕೈ ಹಿಡಿಯಿತು.

ನಾಣ್ಯಗಳ ಅಭಾವವಿದ್ದುದರಿಂದ ತಂಬಾಕೇ ಹಣವಾಯಿತು. ನಾನು ದಿನವೂ ತೂಕ, ಧಾರಣೆ ನೋಡುವವನು. ನನಗೆ ರುಚಿಸುವುದು ಈ ಭಾಗವೇ. 1624ರ ಕಾನೂನಿನಂತೆ ಒಂದು ಭಾನುವಾರ ಚರ್ಚು ತಪ್ಪಿಸಿದರೆ ಒಂದು ಪೌಂಡ್ ತಂಬಾಕು ದಂಡ, ತಿಂಗಳಿಡೀ ತಪ್ಪಿಸಿದರೆ 50 ಪೌಂಡ್! 1696ರಲ್ಲಿ ಪಾದ್ರಿಯ ವರ್ಷದ ಸಂಬಳವನ್ನು 16,000 ಪೌಂಡ್ ತಂಬಾಕು ಎಂದು ಗೊತ್ತುಮಾಡಿದರು. ಧಾರಣೆ ಕುಸಿದರೆ ಪಾದ್ರಿಯೂ ಬಡವ. ನಮ್ಮಲ್ಲಿ ಮೆಣಸಿನಕಾಯಿ ತಳಿ ಕಡ್ಡಿಯೋ ಡಬ್ಬಿಯೋ ಎಂದು ಬೆಲೆ ಬೇರೆಯಾಗುವ ಹಾಗೆ ಅಲ್ಲಿಯೂ ತಂಬಾಕಿನ ತಳಿಗೆ ತಕ್ಕ ಬೆಲೆ. ಒಳ್ಳೆಯ ತಳಿ ಬೆಳೆಯುವ ಊರಿನ ಚರ್ಚಿಗೇ ಪಾದ್ರಿಗಳ ಕಣ್ಣು.

ದುಡಿದವರು ಯಾರು? ಮೊದಲು, ಹಡಗಿನ ಖರ್ಚು ತೀರಿಸಲು ಸಾಮಾನ್ಯವಾಗಿ 4ರಿಂದ 7 ವರ್ಷದ ಕರಾರಿಗೆ ಸಹಿ ಹಾಕಿದ ಬಡ ಇಂಗ್ಲಿಷರು. ಅವರನ್ನು ಕರೆತಂದ ಧಣಿಗೆ ತಲೆಗೆ 50 ಎಕರೆ ಜಮೀನು. 1619ರಲ್ಲಿ ಸೆರೆಯಾಳುಗಳಾದ ಆಫ್ರಿಕನ್ನರನ್ನು ತಂದು ಮಾರಿದರು. ಗುಲಾಮ ತಾಯಿಯ ಮಗುವೂ ಗುಲಾಮ ಎಂದು 1662ರಲ್ಲಿ ಕಾನೂನೇ ಆಯಿತು.

ಗದಗ, ನಿವೃತ್ತ ಶಿಕ್ಷಕ:
ದಲಾಲರು ದಕ್ಷಿಣದ ಲೆಕ್ಕವನ್ನಷ್ಟೇ ಬಿಚ್ಚಿದ್ದಾರೆ. ಉತ್ತರದ ಮ್ಯಾಸಚೂಸೆಟ್ಸ್‌ಗೆ 1630ರಲ್ಲಿ ಸಂಸಾರಸಮೇತ ಬಂದ ಪ್ಯೂರಿಟನ್ನರಿಗೆ (ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆಂದ ಪಂಥದವರಿಗೆ) ಧರ್ಮ ನೆಪವಾಗಿರಲಿಲ್ಲ. ಆದರೆ ಸ್ವಾತಂತ್ರ್ಯ ತಮಗೆ ಮಾತ್ರ: 1631ರಿಂದ ಚರ್ಚಿನ ಸದಸ್ಯರಾದ ಗಂಡಸರಿಗಷ್ಟೇ ಮತ. ಸರ್ಕಾರ ಮನಸ್ಸಾಕ್ಷಿಯ ವಿಷಯದಲ್ಲಿ ತಲೆಹಾಕಬಾರದು ಎಂದ ರೋಜರ್ ವಿಲಿಯಮ್ಸ್‌ನಿಗೆ 1635ರಲ್ಲಿ ಗಡಿಪಾರು. ಅವನು ಮರುವರ್ಷ ಪ್ರಾವಿಡೆನ್ಸ್ ಊರು ಕಟ್ಟಿದ. ಪರೀಕ್ಷೆಯಲ್ಲಿ ಈ ಹೆಸರನ್ನು ಬಿಡಬೇಡಮ್ಮ.

ಧಾರವಾಡ, ಎಂ.ಎ. ವಿದ್ಯಾರ್ಥಿನಿ:
ಇಬ್ಬರಿಗೂ ವಂದನೆಗಳು. ಅಣ್ಣಾ, ಎರಡೂ ಕಂಪನಿಗಳ ಮುಂದಾಳು ಒಬ್ಬನೇ ಆಗಿದ್ದರೆ, ನಮ್ಮ ಕಡೆ ಹಾಗೇಕೆ ಊರು ಕಟ್ಟಿ ಬೇಸಾಯಕ್ಕೆ ಇಳಿಯಲಿಲ್ಲ?

ಬ್ಯಾಡಗಿ, ಮೆಣಸಿನಕಾಯಿ ದಲಾಲಿ ಅಂಗಡಿ:
ಇಲ್ಲಿ ಮಾಲು ತಯಾರಿತ್ತು, ತಂಗಿ! ನೇಯುವವರಿದ್ದರು, ಪೇಟೆಯಿತ್ತು, ನೆಲಕ್ಕೆ ಬಲವಾದ ಅರಸರಿದ್ದರು. ಹುಬ್ಬಳ್ಳಿಯಲ್ಲಿ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಮಳಿಗೆ ಇತ್ತು. 1673ರಲ್ಲಿ ಮರಾಠರ ದಂಡು ಊರನ್ನು ಲೂಟಿ ಮಾಡಿದಾಗ ಇಂಗ್ಲಿಷರು ಮಾಡಿದ್ದು ನಷ್ಟದ ಪಟ್ಟಿ ಹಿಡಿದು ಪರಿಹಾರ ಕೇಳಿದ್ದು. ವರ್ಜೀನಿಯಾದಲ್ಲಿ 1622ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್ ಜನ ದಾಳಿ ಮಾಡಿ 347 ವಲಸಿಗರನ್ನು ಕೊಂದಾಗ, ಅದನ್ನೇ ನೆಪ ಮಾಡಿಕೊಂಡು ಇಂಗ್ಲಿಷರು ಆ ಜನರ ಹೊಲಗಳನ್ನು ಕಿತ್ತುಕೊಂಡರು.