ಸಹಾಯ ಬೇಕು: ಆಂಟಿಗೊನಿ ನಾಟಕದ ಮೇಳದವರನ್ನು ಒಟ್ಟಿಗೆ ಮಾತಾಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಾಲೇಜಿನ ರಂಗ ಕಾರ್ಯಾಗಾರದಲ್ಲಿ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಆಂಟಿಗೊನಿ ಮಾಡುತ್ತಿದ್ದೇವೆ, ಕನ್ನಡದಲ್ಲೇ. ಪ್ರದರ್ಶನಕ್ಕೆ ಇನ್ನು 12 ದಿನ.

ಆಂಟಿಗೊನಿ, ಕ್ರಿಯಾನ್ ಇಬ್ಬರೂ ಚೆನ್ನಾಗಿ ಮಾಡುತ್ತಿದ್ದಾರೆ. ತೊಂದರೆ ಇರುವುದು ಮೇಳದಲ್ಲಿ (ಕೋರಸ್), ಅಂದರೆ ಥೀಬ್ಸ್ ಊರಿನ ಹಿರಿಯರಾಗಿ ಒಟ್ಟಿಗೆ ಹಾಡಿ ಮಾತಾಡುವ ಗುಂಪಿನಲ್ಲಿ. ಸೊಫೊಕ್ಲಿಸನ ಮೇಳಕ್ಕೆ 15 ಜನ, ನಮಗೆ ಸಿಕ್ಕವರು 8. ಮನುಷ್ಯನಷ್ಟು ಅಚ್ಚರಿಯದು ಬೇರೇನೂ ಇಲ್ಲ ಅನ್ನುವ ಹಾಡು ಇದೆಯಲ್ಲ, ಅದನ್ನು ಎಂಟೂ ಜನ ಒಟ್ಟಿಗೆ ಹೇಳಿದರೆ ಮಗ್ಗಿ ಒಪ್ಪಿಸಿದ ಹಾಗೆ ಕೇಳುತ್ತದೆ, ನೇಗಿಲು ಭೂಮಿ ಉಳುವ ಸಾಲು ಬರುವಷ್ಟರಲ್ಲಿ ಇಬ್ಬರು ಮುಂದೆ ಓಡಿರುತ್ತಾರೆ.

ಒಬ್ಬೊಬ್ಬರಿಗೆ ಒಂದೊಂದು ಸಾಲು ಹಂಚಿ ನೋಡಿದೆ. ಮಾತು ಸ್ಪಷ್ಟವಾಯಿತು, ಆದರೆ ಊರೇ ಮಾತಾಡುತ್ತಿದೆ ಅನ್ನುವ ಬಲ ಹೋಯಿತು. ತಮಟೆ ಹಾಕಿದರೆ ಎಲ್ಲರ ಕಣ್ಣು ಕಾಲಿನ ಮೇಲೆ, ಮಾತು ಕೇಳುವುದೇ ಇಲ್ಲ.

ಮೂಲದಲ್ಲಿ ಇದು ಜೋಡಿ ಪದ್ಯಗಳ ಹಾಡು, ಮೊದಲನೆಯದರ ಲಯವೇ ಎರಡನೆಯದಕ್ಕೂ. ನಮ್ಮ ಅನುವಾದ ಗದ್ಯ, ಆ ಜೋಡಿಯೇ ಕಳೆದುಹೋಗಿದೆ.

ಮೇಳ ಕಟ್ಟಿ ಅನುಭವ ಇರುವವರು ಹೇಳಿ: ಗದ್ಯವನ್ನು ಹಾಗೇ ಇಟ್ಟು ಜೋಡಿಯ ಎರಡೂ ಭಾಗಕ್ಕೆ ಒಂದೇ ಹೆಜ್ಜೆ ಕೊಟ್ಟರೆ ಸಾಕಾ, ಇಲ್ಲ ಸಾಲುಗಳನ್ನೇ ಒಂದು ಲಯಕ್ಕೆ ಕೂರಿಸಿ ಮತ್ತೆ ಬರೆಯಬೇಕಾ?