ಹನ್ನೆರಡು ಓವರ್, ಆರು ವಿಕೆಟ್: ಶಾಲೆ ಮಕ್ಕಳಿಗೆ ಈ ಆಟ ನಡೆಯುತ್ತಾ?

ಪಿಟಿ ಮೇಷ್ಟ್ರು, ತಿಪಟೂರು ಕಡೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಸುತ್ತಮುತ್ತಲಿನ ನಾಲ್ಕೈದು ಶಾಲೆಯವರು ಸೇರಿ ಮಕ್ಕಳಿಗೆ ಒಂದು ಸಣ್ಣ ಕ್ರಿಕೆಟ್ ಟೂರ್ನಿ ಮಾಡೋಣ ಅಂತಿದ್ದೇವೆ. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು. ಹುಡುಗರು ಹುಡುಗಿಯರು ಒಟ್ಟಿಗೆ ಆಡುತ್ತಾರೆ. ಹಾರ್ಡ್ ಟೆನಿಸ್ ಚೆಂಡು. ಶಾಲೆ ಬಿಡುವುದು ನಾಲ್ಕೂಕಾಲಿಗೆ. ಹಳ್ಳಿ ಕಡೆಯ ಬಸ್ಸು ಆರೂಕಾಲಿಗೆ. ಅದು ತಪ್ಪಿದರೆ ಅರ್ಧ ಟೀಮಿಗೆ ನಮ್ಮನೆಯಲ್ಲೇ ಊಟ ಹಾಕಬೇಕು.

ಎರಡು ಗಂಟೆಯಲ್ಲಿ ಇಪ್ಪತ್ತಿಪ್ಪತ್ತು ಓವರ್ ಮುಗಿಯಲ್ಲ, ಅದು ಗೊತ್ತಿರೋದೇ. ಒಂದು ಬದಿ ಪೂರ್ತಿ ತೆಂಗಿನ ತೋಟ ಬೇರೆ. ಚೆಂಡು ಒಳಗೆ ಹೋದರೆ ಗರಿ ಎತ್ತಿ ಎತ್ತಿ ಹುಡುಕಬೇಕು.

"ಹತ್ತು ಓವರ್ ಆಡಿಸಿ ಸಾರ್, ಟಿ10 ಇಲ್ವಾ" ಅಂತ ಎಲ್ಲರೂ ಹೇಳುತ್ತಾರೆ. ಆಡಿಸಿ ನೋಡಿದ್ದೇನೆ. ಮೊದಲ ಚೆಂಡಿನಿಂದಲೇ ಕಣ್ಣು ಮುಚ್ಚಿ ಬೀಸುತ್ತಾರೆ. ಔಟಾದರೆ ಬೇಜಾರೇ ಇಲ್ಲ, ಹಿಂದೆ ಇನ್ನೂ ಒಂಬತ್ತು ಜನ ಇದ್ದಾರಲ್ಲ. ತಡೆದು ಆಡೋದು, ಒಂದೊಂದು ರನ್ ಕದಿಯೋದು, ಯಾವುದನ್ನೂ ಯಾರೂ ಕಲಿಯುತ್ತಿಲ್ಲ.

ಇದನ್ನು ನೋಡಿಯೇ ನನಗೆ ಒಂದು ವಿಷಯ ಹೊಳೆಯಿತು. ವಿಶ್ವಕಪ್ 1975ರಲ್ಲಿ ಶುರುವಾದಾಗ 60 ಓವರ್. 1987ರಲ್ಲಿ 50 ಆಯಿತು. 2003ರಲ್ಲಿ ಇಂಗ್ಲೆಂಡಿನ ಕೌಂಟಿಗಳು 20 ಓವರ್ ಶುರು ಮಾಡಿದವು. 2017ರಲ್ಲಿ ಶಾರ್ಜಾದಲ್ಲಿ ಟಿ10 ಬಂತು. ಓವರ್ ಇಳಿಯುತ್ತಲೇ ಬಂತು, ವಿಕೆಟ್ ಮಾತ್ರ ಹತ್ತಕ್ಕೇ ನಿಂತಿದೆ. ಲೆಕ್ಕ ಹಾಕಿ: ಐವತ್ತು ಓವರಿನಲ್ಲಿ ಒಂದು ವಿಕೆಟ್‌ಗೆ 30 ಚೆಂಡು. ಟಿ20ಯಲ್ಲಿ 12. ಟಿ10ನಲ್ಲಿ ಬರೀ 6. ವಿಕೆಟ್‌ಗೆ ಎಲ್ಲಿಂದ ಬೆಲೆ ಬರಬೇಕು?

2019ರ ಏಪ್ರಿಲ್ 30ರ ಪಂದ್ಯ ನೆನಪಿದೆಯಾ? ಚಿನ್ನಸ್ವಾಮಿಯಲ್ಲಿ ಮಳೆ ಬಂದು ಆರ್‌ಸಿಬಿ-ರಾಜಸ್ಥಾನ ಪಂದ್ಯ ಐದು ಓವರಿಗೆ ಇಳಿಯಿತು. ರಾಜಸ್ಥಾನಕ್ಕೆ ಆಡುತ್ತಿದ್ದ ನಮ್ಮ ಶ್ರೇಯಸ್ ಗೋಪಾಲ್ ಸಾಲಾಗಿ ಕೊಹ್ಲಿ, ಡಿವಿಲಿಯರ್ಸ್, ಸ್ಟೋಯ್ನಿಸ್ ಮೂವರನ್ನೂ ಕಳಿಸಿದರು. ಹ್ಯಾಟ್ರಿಕ್! ಬೇರೆ ಯಾವ ಆಟದಲ್ಲಾದರೂ ಅಲ್ಲಿಗೆ ಟೀಮಿನ ಕಥೆ ಮುಗಿಯುತ್ತಿತ್ತು. ಆರ್‌ಸಿಬಿ ಏಳು ವಿಕೆಟ್‌ಗೆ 62 ಹೊಡೆಯಿತು, ಓವರಿಗೆ ಹನ್ನೆರಡರ ಮೇಲೆ. ಆಮೇಲೆ ಮಳೆ ಮತ್ತೆ ಬಂದು ಫಲಿತಾಂಶವೇ ಇಲ್ಲ ಬಿಡಿ.

ಅದಕ್ಕೇ ನನ್ನ ಯೋಚನೆ ಹೀಗಿದೆ. ಹನ್ನೆರಡು ಓವರ್, ಆರು ವಿಕೆಟ್ ಬಿದ್ದರೆ ಆಲ್‌ಔಟ್. ಅಲ್ಲಿಗೆ ವಿಕೆಟ್‌ಗೆ 12 ಚೆಂಡು, ಟಿ20ಯ ಲೆಕ್ಕವೇ. ಒಬ್ಬರಿಗೆ ಎರಡೇ ಓವರ್, ಹಾಗಾಗಿ ಆರು ಜನ ಬೌಲಿಂಗ್ ಮಾಡಲೇಬೇಕು. 25 ರನ್ ಹೊಡೆದವರು ಹೊರಗೆ ಬರಬೇಕು.

ನಡೆಯುತ್ತಾ? ಆಡಿಸಿದ ಅನುಭವ ಇರುವವರು ದಯವಿಟ್ಟು ಹೇಳಿ. ಬರೀ ಟಿವಿಯಲ್ಲಿ ನೋಡಿದವರೂ ಹೇಳಬಹುದು, ಬೇಡ ಅನ್ನಲ್ಲ.

ಕುಂದಾಪುರ ಕೀಪರ್

ಮೇಷ್ಟ್ರೇ, ನಮ್ಮ ಕಡೆ ಬನ್ನಿ ಮಾರಾಯ್ರೆ. ಗದ್ದೆ ಕೊಯ್ಲು ಆದ ಮೇಲೆ ಪ್ರತಿ ಊರಲ್ಲೂ ಹೊನಲು ಬೆಳಕಿನ ಅಂಡರ್‌ಆರ್ಮ್ ಟೂರ್ನಿ. ನಾಲ್ಕೋ ಐದೋ ಓವರ್. ರಾತ್ರಿ ಶುರುವಾದರೆ ಬೆಳಗಾಗುವಾಗ ಫೈನಲ್.

ನಮ್ಮಲ್ಲಿ ಹೊತ್ತು ಉಳಿಯುವುದು ಓವರ್ ಕಡಿಮೆ ಅಂತ ಮಾತ್ರ ಅಲ್ಲ. ಈ ಪಂದ್ಯ ನಡೆಯುತ್ತಿರುವಾಗಲೇ ಮುಂದಿನ ಪಂದ್ಯದ ಟಾಸ್ ಆಗಿಬಿಟ್ಟಿರುತ್ತದೆ. ಮುಂದೆ ಬ್ಯಾಟಿಂಗಿಗೆ ಬರುವವನು ಬ್ಯಾಟ್ ಹಿಡಿದು ಗೆರೆ ಪಕ್ಕದಲ್ಲೇ ನಿಂತಿರಬೇಕು. ಚೆಂಡು ತೋಡಿಗೆ ಹೋದರೆ ಹುಡುಕುವ ಕೆಲಸ ಆಡುವವರದ್ದಲ್ಲ, ಇನ್ನೊಂದು ಚೆಂಡು ಅಂಪೈರ್ ಜೇಬಲ್ಲೇ ಇರುತ್ತದೆ. ಮೈಕಿನವನು ಮಾತ್ರ ಸುಮ್ಮನಿರಲ್ಲ, ಅವನಿಗೆ ಓವರ್ ಲಿಮಿಟ್ ಹಾಕಿದರೆ ಒಳ್ಳೆಯದು.

ಇನ್ನೊಂದು ಮಾತು. ಅಂಡರ್‌ಆರ್ಮ್‌ನಲ್ಲಿ ವೈಡ್ ಕಡಿಮೆ. ಎಂಟನೇ ಕ್ಲಾಸಿನ ಮಕ್ಕಳು ಓವರ್‌ಆರ್ಮ್ ಹಾಕಿದರೆ ಒಂದು ಓವರಿಗೆ ಹತ್ತು ಚೆಂಡಾಗುತ್ತದೆ. ನಿಮ್ಮ ಹನ್ನೆರಡು ಓವರ್ ಅಲ್ಲೇ ಇಪ್ಪತ್ತಾಯಿತಲ್ಲ?

ಸ್ಕೋರ್‌ಬುಕ್

ಸರ್, ನಾನು ಬೆಂಗಳೂರಿನಲ್ಲಿ ಕ್ಲಬ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತೇನೆ. ನಿಮ್ಮ 12 ಚೆಂಡಿನ ಲೆಕ್ಕ ಇಷ್ಟವಾಯಿತು. ಮಳೆ ಬಂದಾಗ ಗುರಿ ಲೆಕ್ಕ ಹಾಕುವ ಡಕ್ವರ್ತ್-ಲೂಯಿಸ್ ನಿಯಮದ ಹಿಂದೆ ಇರುವುದೂ ಇದೇ ಯೋಚನೆ. ಓವರ್ ಎಷ್ಟು ಉಳಿದಿದೆ ಅನ್ನುವುದು ಮಾತ್ರ ಸಾಲದು, ಕೈಯಲ್ಲಿ ವಿಕೆಟ್ ಎಷ್ಟಿದೆ ಅನ್ನುವುದನ್ನೂ ಸೇರಿಸಿ ನೋಡಬೇಕು. ಹಳೇ ಮಳೆ ನಿಯಮಕ್ಕೆ ಅದು ಗೊತ್ತಿರಲಿಲ್ಲ. 1992ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಒಂದೇ ಚೆಂಡಿಗೆ 22 ರನ್ ಹೊಡೆಯಬೇಕು ಅಂತ ಬೋರ್ಡ್ ತೋರಿಸಿತು.

ಆದರೆ ನಿಮ್ಮ ನಿಯಮದಲ್ಲಿ ಒಂದು ತೂತಿದೆ. ಆರು ವಿಕೆಟ್ ಬಿದ್ದರೆ ಮುಗಿಯಿತು ಅಂದರೆ ಬ್ಯಾಟ್ ಹಿಡಿಯುವವರು ಹೆಚ್ಚೆಂದರೆ ಏಳು ಜನ. 25 ಹೊಡೆದು ಹೊರಗೆ ಬರುವವರು ಒಬ್ಬರೋ ಇಬ್ಬರೋ ಇರಬಹುದು, ಅಷ್ಟೇ. ಉಳಿದವರು? ಯಾವ ಶಾಲೆಯಲ್ಲಾದರೂ ಎಂಟರಿಂದ ಹನ್ನೊಂದನೇ ಸ್ಥಾನದಲ್ಲಿ ಯಾರಿರುತ್ತಾರೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹುಡುಗಿಯರು ಒಟ್ಟಿಗೆ ಆಡುತ್ತಾರೆ ಅಂದಿರಿ. ಅವರನ್ನು ಕ್ಯಾಪ್ಟನ್ ಎಲ್ಲಿ ಇಳಿಸುತ್ತಾನೆ?

ವಿಕೆಟ್‌ಗೆ ಬೆಲೆ ಕೊಡಲು ಹೋಗಿ ನಾಲ್ಕು ಮಕ್ಕಳನ್ನು ಬರೀ ಫೀಲ್ಡಿಂಗಿಗೆ ನಿಲ್ಲಿಸಿದ ಹಾಗಾಗುತ್ತದೆ.

ಲೀಡ್ಸ್ ಕನ್ನಡಿಗ

ಮೇಷ್ಟ್ರೇ ನಮಸ್ಕಾರ. ಮೂಲ ಚಿಕ್ಕಮಗಳೂರು, ಈಗ ಇರುವುದು ಯಾರ್ಕ್‌ಷೈರ್. ಇಲ್ಲಿ ಆಫೀಸು ಮುಗಿಸಿ ಸಂಜೆ ಕ್ರಿಕೆಟ್ ಆಡುವುದು ಬಹಳ ಹಳೇ ಅಭ್ಯಾಸ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಕ್ಲಬ್‌ಗಳವರು ಸಂಜೆ 20 ಓವರ್ ಆಡುತ್ತಿದ್ದದ್ದು ಟಿ20 ಅಂತ ಹೆಸರು ಬರುವ ಎಷ್ಟೋ ವರ್ಷ ಮೊದಲೇ. ಹೊತ್ತು ಉಳಿಸಲು ಎಂಟು ಚೆಂಡಿನ ಓವರ್ ಹದಿನೈದು ಆಡಿಸುವ ಲೀಗ್‌ಗಳೂ ಇದ್ದವು. ತುದಿ ಬದಲಾಯಿಸುವ ಹೊತ್ತು ಉಳಿಯುತ್ತಲ್ಲ, ಅದಕ್ಕೆ. 2021ರಲ್ಲಿ ಇಲ್ಲಿ ಬಂದ ನೂರು ಚೆಂಡಿನ ಆಟ ಹಂಡ್ರೆಡ್‌ನಲ್ಲೂ ಹತ್ತು ಚೆಂಡಿಗೊಮ್ಮೆ ಮಾತ್ರ ತುದಿ ಬದಲು.

ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಪೂರ್ತಿ ಇನ್ನಿಂಗ್ಸ್ ಒಂದೇ ತುದಿಯಿಂದ ಹಾಕಿಸಿ. ಮಕ್ಕಳ ಆಟದಲ್ಲಿ ಇಲ್ಲಿ ಹಾಗೆ ಮಾಡುವುದುಂಟು. ಫೀಲ್ಡರ್‌ಗಳು ಅತ್ತಿಂದಿತ್ತ ನಡೆಯುವುದು ತಪ್ಪುತ್ತದೆ. ತೋಟ ಬ್ಯಾಟರ್ ಬೆನ್ನ ಹಿಂದೆ ಬರುವ ಹಾಗೆ ತುದಿ ಆರಿಸಿಕೊಂಡರೆ ಅರ್ಧ ಚೆಂಡು ಉಳಿಯುತ್ತದೆ.

ವೈಡ್ ವಿಷಯಕ್ಕೂ ಇಲ್ಲಿ ಜೂನಿಯರ್ ಲೀಗ್‌ಗಳಲ್ಲಿ ಮದ್ದಿದೆ. ವೈಡ್‌ಗೆ ಎರಡು ರನ್, ಆದರೆ ಮತ್ತೆ ಚೆಂಡು ಹಾಕುವಂತಿಲ್ಲ. ಕೊನೇ ಓವರಿನಲ್ಲಿ ಮಾತ್ರ ಮತ್ತೆ ಹಾಕಬೇಕು. ಓವರ್ ಅಂದರೆ ಆರು ಚೆಂಡು, ಮುಗಿಯಿತು.

ಎಲ್ಲರಿಗೂ ಬ್ಯಾಟಿಂಗ್ ಸಿಗಬೇಕು ಅಂದರೆ ಜೋಡಿ ಆಟ ನೋಡಿ. ಪ್ರತಿ ಜೋಡಿಗೆ ಇಂತಿಷ್ಟು ಓವರ್ ಅಂತ ಖಾತ್ರಿ. ಔಟಾದರೆ ಹೊರಗೆ ಹೋಗುವಂತಿಲ್ಲ, ಟೀಮಿನ ಮೊತ್ತದಲ್ಲಿ ಐದು ರನ್ ಕಳೆಯುತ್ತಾರೆ. ಮೊತ್ತ ಸೊನ್ನೆಗಿಂತ ಕೆಳಗೆ ಹೋಗಬಾರದು ಅಂತ 200ರಿಂದ ಶುರು ಮಾಡುತ್ತಾರೆ. ಒಳಾಂಗಣ ಕ್ರಿಕೆಟ್‌ನಲ್ಲಿ ದೊಡ್ಡವರೂ ಹೀಗೇ ಆಡುತ್ತಾರೆ: ಎಂಟು ಜನ, ಹದಿನಾರು ಓವರ್, ಒಂದು ಜೋಡಿಗೆ ನಾಲ್ಕು.

ನಿಮ್ಮ ಹನ್ನೆರಡು ಓವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಹನ್ನೆರಡು ಮಕ್ಕಳು, ಆರು ಜೋಡಿ, ಜೋಡಿಗೆ ಎರಡು ಓವರ್. ಪ್ರತಿಯೊಬ್ಬರೂ ಒಂದೊಂದು ಓವರ್ ಬೌಲಿಂಗ್.

ಹಳೇ ಲೆಗ್‌ಸ್ಪಿನ್ನರ್

ಒಪ್ಪಲ್ಲ. ಔಟಾದವನು ಅಲ್ಲೇ ನಿಂತು ಮತ್ತೆ ಗಾರ್ಡ್ ತಗೊಂಡರೆ ಬೌಲರ್‌ಗೆ ಏನು ಸಿಕ್ಕ ಹಾಗಾಯಿತು? ಲೆಗ್‌ಸ್ಪಿನ್ ಹಾಕುವವನು ಎರಡು ಬೌಂಡರಿ ಹೊಡೆಸಿಕೊಳ್ಳುವುದೇ ಮೂರನೇ ಚೆಂಡಿಗೆ ಅವನನ್ನು ಮನೆಗೆ ಕಳಿಸೋಣ ಅಂತ. ನಮ್ಮ ಲೆಗ್‌ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ 1971ರಲ್ಲಿ ಓವಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 38 ರನ್ನಿಗೆ ಆರು ವಿಕೆಟ್ ತೆಗೆದರು. ಆ ಆರು ಜನ ಅಲ್ಲೇ ನಿಂತು ಆಟ ಮುಂದುವರಿಸಿದ್ದರೆ ಅಂತ ಯೋಚನೆ ಮಾಡಿ. ನಗು ಬರಲ್ವಾ?

ಒಬ್ಬರಿಗೆ ಒಂದೇ ಓವರ್ ಅನ್ನುವುದಂತೂ ಸ್ಪಿನ್ನರ್‌ಗಳಿಗೆ ಮಾಡುವ ಅನ್ಯಾಯ. ಮೊದಲ ಓವರಿನಲ್ಲಿ ಚೆಂಡು ಕೈಗೆ ಹೊಂದಿಕೊಳ್ಳುವುದೇ ಕಷ್ಟ.

ಮತ್ತೆ ಐದು ರನ್ ದಂಡ ತುಂಬಾ ಅಗ್ಗ. ಎರಡು ಚೆಂಡಿಗೆ ಒಂದು ಸಿಕ್ಸ್, ಒಂದು ಬೌಲ್ಡ್ ಅಂದುಕೊಳ್ಳಿ. ಆರು ಬಂತು, ಐದು ಹೋಯಿತು. ಬೀಸುವವನಿಗೆ ಆಗಲೂ ಲಾಭವೇ! ಮೇಷ್ಟ್ರು ಯಾವ ರೋಗಕ್ಕೆ ಮದ್ದು ಹುಡುಕುತ್ತಿದ್ದಾರೋ ಅದೇ ರೋಗ ಮತ್ತೆ ಬಂತಲ್ಲ. ದಂಡ ಆರಕ್ಕಿಂತ ಜಾಸ್ತಿ ಇರಲೇಬೇಕು.

ಪಿಟಿ ಮೇಷ್ಟ್ರು, ತಿಪಟೂರು ಕಡೆ

ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಟೀಮಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಶ್ರೇಯಾಂಕಾ ಪಾಟೀಲ್ ನೋಡಿಯೇ ಆಫ್‌ಸ್ಪಿನ್ ಕಲಿತವಳು. 2024ರಲ್ಲಿ ಆರ್‌ಸಿಬಿ ಹುಡುಗಿಯರು ಕಪ್ ಗೆದ್ದಾಗಿನಿಂದ ಅವಳ ಕೈಯಿಂದ ಚೆಂಡು ಇಳಿದಿಲ್ಲ. ಬೌಲಿಂಗ್ ಕೊಡಿ ಅಂತ ಯಾರೂ ಹೇಳಬೇಕಿಲ್ಲ. ಬ್ಯಾಟಿಂಗ್ ಮಾತ್ರ ಅವಳಿಗೆ ಸಿಗುವುದೇ ಇಲ್ಲ. ಸ್ಕೋರ್‌ಬುಕ್ ಅವರು ಕೇಳಿದ ಪ್ರಶ್ನೆಗೆ ಅವಳೇ ಉತ್ತರ. ಹಾಗಾಗಿ ವಾರದ ದಿನದ ಪಂದ್ಯಗಳಿಗೆ ಜೋಡಿ ಆಟವೇ ಇರಲಿ.

ಆದರೆ ಲೆಗ್‌ಸ್ಪಿನ್ನರ್ ಸಾಹೇಬರ ಮಾತನ್ನೂ ತಳ್ಳಿಹಾಕಲ್ಲ. ಔಟಾದವರು ತಕ್ಷಣ ಆಚೆ ತುದಿಗೆ ಹೋಗಬೇಕು, ಮುಂದಿನ ಚೆಂಡು ಜೊತೆಗಾರನಿಗೆ. ಬೌಲರ್‌ಗೆ ಅಷ್ಟಾದರೂ ಸಿಗಲಿ. ದಂಡ ಎಂಟು ರನ್. ಮೇಲಿನ ಲೆಕ್ಕದಲ್ಲೇ ಹಾಕಿ ನೋಡಿದೆ: ಆರು ಬಂತು, ಎಂಟು ಹೋಯಿತು, ಎರಡು ನಷ್ಟ. ಇನ್ನು ಕ್ಯಾಪ್ಟನ್‌ಗಳೇ "ಲೋ, ಸುಮ್ನೆ ಸಿಂಗಲ್ ತಗೋ" ಅಂತ ಕೂಗುತ್ತಾರೆ, ನಾನು ಗಂಟಲು ಹರಿದುಕೊಳ್ಳುವುದು ತಪ್ಪುತ್ತದೆ.

ಬೌಲಿಂಗ್ ಮಾಡಲು ಎಂಟು ಜನ ಬೇಕೇ ಬೇಕು. ಅದರಲ್ಲಿ ನಾಲ್ವರಿಗೆ ಮಾತ್ರ ಎರಡೆರಡು ಓವರ್. ವೈಡ್‌ಗೆ ಎರಡು ರನ್, ಒಂದೇ ತುದಿಯ ಬೌಲಿಂಗ್, ಜೇಬಲ್ಲೊಂದು ಚೆಂಡು, ಮೂರನ್ನೂ ಕಣ್ಣಿಗೊತ್ತಿಕೊಂಡು ತಗೊಂಡಿದ್ದೇನೆ. ಅಂಡರ್‌ಆರ್ಮ್ ಮಾತ್ರ ಬೇಡ ಕೀಪರ್ ಅವರೇ. ನಮ್ಮ ಕಡೆ ಮಕ್ಕಳಿಗೆ ಅದು ಅಭ್ಯಾಸವಿಲ್ಲ.

ಫೈನಲ್ ಶನಿವಾರ ಇಡುತ್ತೇನೆ. ಅವತ್ತು ಬೆಳಗಿನ ಶಾಲೆ, ಮಧ್ಯಾಹ್ನ ಪೂರ್ತಿ ಖಾಲಿ. ಆ ಒಂದು ಪಂದ್ಯ ನನ್ನ ಹಟಕ್ಕೆ: ಆರು ವಿಕೆಟ್, ಔಟ್ ಅಂದರೆ ಔಟ್. ಆದರೆ ಬ್ಯಾಟಿಂಗ್ ಸಾಲು ವಾರದ ಪಂದ್ಯಗಳ ಜೋಡಿ ಲೆಕ್ಕದ ಮೇಲೆ. ಜಾಸ್ತಿ ರನ್ ಉಳಿಸಿದ ಜೋಡಿ ಮೊದಲು ಇಳಿಯುತ್ತದೆ. ಕ್ಯಾಪ್ಟನ್ ಇಷ್ಟ ನಡೆಯಲ್ಲ.

ಹಳೇ ಲೆಗ್‌ಸ್ಪಿನ್ನರ್

ಆಚೆ ತುದಿಗೆ ಕಳಿಸುವುದು ಪರವಾಗಿಲ್ಲ. ಎಂಟು ಸರಿ. ಫೈನಲ್‌ಗೆ ಅಂಪೈರ್ ಬೇಕಿದ್ದರೆ ನಾನು ಅರಸೀಕೆರೆಯಲ್ಲೇ ಇದ್ದೇನೆ, ಹೇಳಿ.

ಸ್ಕೋರ್‌ಬುಕ್

ಬರೆಯುವವರಿಗೆ ಎರಡು ಮಾತು ಸರ್. ಎಂಟು ರನ್ ದಂಡವನ್ನು ಬ್ಯಾಟರ್ ಹೆಸರಿನ ಎದುರು ಬರೆಸಬೇಡಿ. ಏಳು ರನ್ ಹೊಡೆದು ಮೂರು ಸಲ ಔಟಾದ ಮಗುವಿನ ಹೆಸರಿನ ಮುಂದೆ ಮೈನಸ್ ಹದಿನೇಳು ಅಂತ ಬಿದ್ದರೆ, ಅದು ಮಾರನೇ ದಿನ ಕ್ಲಾಸಿನ ಬೋರ್ಡ್ ಮೇಲೂ ಇರುತ್ತದೆ. ಹೊಡೆದ ರನ್ ಹೆಸರಿಗೆ, ದಂಡ ಜೋಡಿಯ ಲೆಕ್ಕಕ್ಕೆ. ಇತರೆ ರನ್ ಬರೆಯುವ ಸಾಲಿನ ಕೆಳಗೆ ಒಂದು ಗೆರೆ ಎಳೆದು "ಕಳೆ" ಅಂತ ಬೇರೆ ಕಾಲಂ ಮಾಡಿಕೊಂಡರೆ ಸಾಕು. ಮೊತ್ತ ನೂರರಿಂದ ಶುರುವಾಗಲಿ.

ಟೈ ಆದರೆ ಏನು ಅಂತ ಮೊದಲೇ ಹಾಳೆಯಲ್ಲಿ ಬರೆದು ಎಲ್ಲ ಶಾಲೆಯವರ ಸಹಿ ಹಾಕಿಸಿ. 2024ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿಯಲ್ಲಿ ಹುಬ್ಬಳ್ಳಿ ಟೈಗರ್ಸ್, ಬೆಂಗಳೂರು ಬ್ಲಾಸ್ಟರ್ಸ್ ಪಂದ್ಯ ಟೈ ಆಗಿ ಮೂರು ಸೂಪರ್ ಓವರ್ ಆಡಿದ ಮೇಲೆ ಹುಬ್ಬಳ್ಳಿ ಗೆದ್ದಿತು. ಸ್ಟೇಡಿಯಂ ದೀಪ ಇದ್ದವರಿಗೆ ಅದು ಚೆಂದ. ನಿಮಗೆ ಸುಲಭ ದಾರಿ ಅಂದರೆ ವಿಕೆಟ್ ಕಡಿಮೆ ಕಳೆದುಕೊಂಡವರು ಗೆದ್ದ ಹಾಗೆ. ನಿಮ್ಮ ಮೂಲ ವಾದಕ್ಕೂ ಅದೇ ಹೊಂದುತ್ತದೆ. ಅದೂ ಸಮ ಆದರೆ ಕಡಿಮೆ ವೈಡ್ ಹಾಕಿದವರು.

ಮೊದಲ ಪಂದ್ಯದ ಶೀಟ್ ಫೋಟೋ ತೆಗೆದು ಇಲ್ಲಿ ಹಾಕಿ. ಒಂದು ಓವರ್ ನಿಜವಾಗಿ ಎಷ್ಟು ನಿಮಿಷ ತಗೊಂಡಿತು ಅಂತ ಪಕ್ಕದಲ್ಲೇ ಬರೆಸಿ. ನಾಲ್ಕು ನಿಮಿಷದ ಒಳಗೆ ಬಂದರೆ ಹನ್ನೆರಡು ಓವರ್ ಇರಲಿ. ಐದಾದರೆ ಜೋಡಿಗೆ ಹತ್ತು ಚೆಂಡಿನಂತೆ ಇಳಿಸಿ, ಅರವತ್ತು ಚೆಂಡಿಗೆ ಮುಗಿಸಿಬಿಡಿ.